ಮೂಲ ಮತ್ತು ಸಾಲ: ಮಂಗಳೂರಿನ ಒಂದು ಹೊಸ ಫ್ಲಾಟಿನ ಅಡಿಯ ಚರಿತ್ರೆ

ಪೋಸ್ಟ್ ಸ್ವಲ್ಪ ಉದ್ದ ಉಂಟು, ಪುರುಸೊತ್ತು ಇದ್ದಾಗ ಓದಿ.

ಇತ್ತೀಚೆಗೆ ನಮ್ಮ ಗೆಳೆಯರಲ್ಲಿ ಕೆಲವರು ಮಂಗಳೂರಿನಲ್ಲಿ ಹೊಸ ಫ್ಲಾಟ್ ತಗೊಂಡಿದ್ದಾರೆ. ಒಬ್ಬರು ಮೇಷ್ಟ್ರು, ಒಬ್ಬರು ನರ್ಸ್, ಒಬ್ಬರು ಕೆಎಸ್ಆರ್‌ಟಿಸಿ. ನಾನೂ ನನ್ನ ಹೆಂಡತಿಯೂ ತಗೊಂಡೆವು. ಎರಡು ಬೆಡ್‌ರೂಮಿನದ್ದು, ಇಪ್ಪತ್ತು ವರ್ಷದ ಸಾಲ. ವಿಷಯ ಗೊತ್ತಾದ ಕೂಡಲೇ ಎರಡು ಬಗೆಯ ಮಾತು ಬಂತು. "ಓಹೋ, ಚಳುವಳಿಯವರೂ ಬಿಲ್ಡರ್ ಹತ್ರ ಹೋದ್ರಾ?" ಅಂತ ಒಳಗಿನವರು. "ನಿಮಗೆಲ್ಲ ಈಗ ಎಂತ ಕಡಿಮೆ ಆಗಿದೆ ಮಾರಾಯ್ರೆ, ಇನ್ನೂ ಮೀಸಲಾತಿ ಯಾಕೆ?" ಅಂತ ಹೊರಗಿನವರು. ಇಬ್ಬರಿಗೂ ಒಂದೇ ಉತ್ತರ ಬರೀತಾ ಇದ್ದೇನೆ. ಉತ್ತರ ನನ್ನದಲ್ಲ, ಫ್ಲಾಟಿನ ಫೈಲಿನಲ್ಲಿ ಇರುವುದು, ಮತ್ತು ಆ ಫೈಲಿನಲ್ಲಿ ಇಲ್ಲದಿರುವುದು.

ಸಾಲ ಮಂಜೂರಾಗುವ ಮೊದಲು ಜಾಗದ ಕಾಗದಗಳನ್ನು ವಕೀಲರಿಗೆ ಕೊಡಬೇಕು. ಅವರು ಫೈಲನ್ನು ಅಡಿಯಿಂದ ಓದುತ್ತಾರೆ. ಅಡಿಯಲ್ಲಿ ಮೂಲಪತ್ರ, ಅದರ ಮೇಲೆ ಪಾಲುಪಟ್ಟಿ, ಕ್ರಯಪತ್ರ, ಭೂ ಪರಿವರ್ತನೆ ಆದೇಶ, ಬಿಲ್ಡರ್ ಜೊತೆಗಿನ ಜಂಟಿ ಒಪ್ಪಂದ, ಋಣಭಾರ ಪತ್ರ (ನಾವು ಇಸಿ ಅಂತೀವಲ್ಲ ಅದು), ನಕ್ಷೆ, ರೇರಾ ನಂಬರು. ಎಲ್ಲ ನೋಡಿ ಮುಗಿಸಿ ವಕೀಲರು ನಗುತ್ತಾ ಹೇಳಿದರು: "ಧೈರ್ಯವಾಗಿ ತಗೊಳ್ಳಿ ಸರ್. ಟೈಟಲ್ ಕ್ಲೀನ್ ಉಂಟು. ಎಸ್‌ಸಿ-ಎಸ್‌ಟಿ ಗ್ರ್ಯಾಂಟ್ ಜಾಗ ಎಂತದ್ದೂ ಇಲ್ಲ."

ಅವರು ಒಳ್ಳೆಯವರು. ನನ್ನ ಜಾತಿ ಅವರಿಗೆ ಗೊತ್ತಿರಲಿಲ್ಲ. ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯೂ ಹೌದು. ಆದರೆ ಆ ವಾಕ್ಯವನ್ನು ನಿಧಾನವಾಗಿ ಇನ್ನೊಮ್ಮೆ ಓದಿ. ಒಂದು ಜಾಗದ ಚರಿತ್ರೆಯಲ್ಲಿ ನಮ್ಮವರ ಹೆಸರು ಎಲ್ಲಿಯೂ ಇಲ್ಲದಿದ್ದರೆ ಆ ಜಾಗ ಕ್ಲೀನ್. ಇದ್ದರೆ ತೊಂದರೆ. ಇದು ಹೇಗಾಯ್ತು ಅಂತ ನೋಡಬೇಕಾದರೆ ಇನ್ನೂರು ವರ್ಷ ಹಿಂದೆ ಹೋಗಬೇಕು.

1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಕೆನರಾ ಜಿಲ್ಲೆ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಇಲ್ಲಿನ ಭೂಮಿ ಹಿಂದಿನಿಂದಲೂ ಖಾಸಗಿ ಸ್ವತ್ತು ಅಂತ ಅವನು ಒಪ್ಪಿಕೊಂಡ. ಭೂಮಿಯ ಲೆಕ್ಕಕ್ಕೆ "ವರ್ಗ" ಅಂತ ಹೆಸರು, ಕಂದಾಯ ಕಟ್ಟುವವನು ವರ್ಗದಾರ. ವರ್ಗದಾರನ ಕೆಳಗೆ ಗೇಣಿದಾರರು. ಮೂಲಗೇಣಿ ಅಂದರೆ ಶಾಶ್ವತ ಗೇಣಿ: ಗೇಣಿ ಮೊತ್ತ ಏರುವುದಿಲ್ಲ, ಎಬ್ಬಿಸುವ ಹಾಗಿಲ್ಲ, ಮಕ್ಕಳಿಗೆ ಹೋಗುತ್ತದೆ. ಚಾಲಗೇಣಿ ಅಂದರೆ ವರ್ಷ ವರ್ಷದ್ದು, ಧಣಿಗೆ ಮನಸ್ಸಾದರೆ ಇರುವುದು. ಮಂಗಳೂರಿನಲ್ಲಿ ಜಾಗ ನೋಡುವವರಿಗೆ ಇದು ಹಳೇ ಕಥೆ ಅಲ್ಲ. ಇವತ್ತೂ ಬ್ರೋಕರ್ ಹೇಳುತ್ತಾನೆ, "ಇದು ವರ್ಗ ಜಾಗ, ಅದು ಮೂಲಗೇಣಿ, ರೇಟಲ್ಲಿ ವ್ಯತ್ಯಾಸ ಉಂಟು" ಅಂತ. ಮೂಲಗೇಣಿದಾರರಿಗೆ ಮಾಲೀಕತ್ವ ಕೊಡಲು ರಾಜ್ಯ 2011ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ನನ್ನ ಫ್ಲಾಟಿನ ಅಡಿಯ ಜಾಗದ ಮೂಲಪತ್ರವೂ 1938ರ ಒಂದು ಮೂಲಗೇಣಿ ಚೀಟಿ.

ವರ್ಗದಾರ, ಮೂಲಗೇಣಿದಾರ, ಚಾಲಗೇಣಿದಾರ. ಮೂರು ಮೆಟ್ಟಿಲು. ಶಾಲೆಯ ಪಾಠ, ಹಳೇ ಗೆಜೆಟಿಯರ್, ವಿಚಾರ ಸಂಕಿರಣ, ಎಲ್ಲ ಕಡೆ ಈ ಮೂರು ಮೆಟ್ಟಿಲಿನ ಬಗ್ಗೆ ಉದ್ದುದ್ದ ಚರ್ಚೆ ಉಂಟು. ಹಾಗಾದರೆ ಗದ್ದೆಯಲ್ಲಿ ಇಳಿದು ನೇಜಿ ನೆಟ್ಟವರು ಯಾರು?

ಅವರೂ ದಾಖಲೆಯಲ್ಲಿ ಇದ್ದಾರೆ. ಆದರೆ ಬೇರೆ ಕಾಲಂನಲ್ಲಿ.

ಫ್ರಾನ್ಸಿಸ್ ಬುಕಾನನ್ 1801ರಲ್ಲಿ ತುಳುನಾಡಿನ ಮೂಲಕ ಹೋದ. ಅವನ ಪ್ರವಾಸದ ವರದಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಲ್ಲಿನ ಬೇಸಾಯದಲ್ಲಿ ದುಡಿಯುವ ಗುಲಾಮರ ಬಗ್ಗೆ, ಅವರಿಗೆ ಅಳೆದು ಕೊಡುವ ಅಕ್ಕಿ-ಭತ್ತದ ಬಗ್ಗೆ ಅವನು ಬರೆದಿದ್ದಾನೆ. ಆಮೇಲೆ ಬಂದ ಬ್ರಿಟಿಷ್ ಕಾಲದ ಬರಹಗಳಲ್ಲಿ ನಮ್ಮವರನ್ನು ಎರಡು ಹೆಸರಿನಲ್ಲಿ ಕರೆದಿದ್ದಾರೆ: "ಮೂಲದ ಹೊಲೆಯ", "ಸಾಲದ ಹೊಲೆಯ". ಮೂಲದವನು ಅಂದರೆ ತಲೆತಲಾಂತರದಿಂದ ಒಂದು ವರ್ಗಕ್ಕೆ ಅಂಟಿಕೊಂಡವನು. ಭೂಮಿ ಕೈ ಬದಲಾದರೆ ಅವನೂ ಕೈ ಬದಲಾಗುತ್ತಾನೆ. ಭೂಮಿ ಅಡವು ಬಿದ್ದರೆ ಅವನೂ ಅಡವು. ಸಾಲದವನು ಅಂದರೆ ಮದುವೆಗೋ ಇನ್ನೊಂದಕ್ಕೋ ಧಣಿಯ ಹತ್ತಿರ ಕೈ ಸಾಲ ತಗೊಂಡು, ಅದನ್ನು ತೀರಿಸಲಾಗದೆ ಹೆಂಡತಿ ಮಕ್ಕಳ ಜೊತೆ ದುಡಿಯುತ್ತಾ ಉಳಿದವನು.

"ಮೂಲ" ಅನ್ನುವ ಶಬ್ದ ನೋಡಿ. ಗೇಣಿದಾರನಿಗೆ ಸೇರಿದಾಗ ಅದು ಅವನನ್ನು ಯಾರೂ ಎಬ್ಬಿಸಲಾಗದ ಹಕ್ಕು. ನಮಗೆ ಸೇರಿದಾಗ ಅದು ನಾವು ಎದ್ದು ಹೋಗಲಾಗದ ಕಟ್ಟು. ಒಂದೇ ಜಿಲ್ಲೆ, ಒಂದೇ ಗದ್ದೆ, ಒಂದೇ ಶಬ್ದ.

ಕ್ರಯಪತ್ರದ ಕೊನೆಗೆ ಷೆಡ್ಯೂಲ್ ಅಂತ ಬರುತ್ತದಲ್ಲ, ಮಾರಾಟವಾಗುವ ಸ್ವತ್ತಿನ ವಿವರ: ಸರ್ವೆ ನಂಬರು, ಚಕ್ಬಂದಿ, ಬಾವಿ, ಮರಮಟ್ಟು. ನಮ್ಮ ಹಿರಿಯರ ಜಾಗ ಅಲ್ಲಿ, ಬಾವಿ ಮರಮಟ್ಟುಗಳ ಸಾಲಿನಲ್ಲಿ ಇದ್ದದ್ದು. ಮೊದಲನೇ ಪುಟದಲ್ಲಿ "ಕೊಳ್ಳುವವರು" ಅಂತ ಬರುವ ಕಡೆ ಅವರು ಇರಲು ಸಾಧ್ಯವೇ ಇರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟಿನ ಯಂತ್ರದ ಮೇಲೆ ಬೆರಳಿಟ್ಟಾಗ ನನ್ನ ತಲೆಯಲ್ಲಿ ಓಡಿದ್ದು ಇದು. ಷೆಡ್ಯೂಲಿನಿಂದ ಮೊದಲ ಪುಟಕ್ಕೆ ಬರಲು ನಮಗೆ ಎರಡು ಶತಮಾನ ಹಿಡಿಯಿತು.

1843ರ ಐದನೇ ಕಾಯ್ದೆ ಬಂದು, ಗುಲಾಮರ ಮೇಲಿನ ಹಕ್ಕನ್ನು ಕೋರ್ಟು ಎತ್ತಿ ಹಿಡಿಯುವುದಿಲ್ಲ ಅಂತ ಹೇಳಿತು. 1862ರಲ್ಲಿ ದಂಡ ಸಂಹಿತೆ ಜಾರಿಯಾಗಿ ಮನುಷ್ಯರನ್ನು ಕೊಳ್ಳುವುದು ಮಾರುವುದು ಅಪರಾಧವಾಯಿತು. ಕಾಗದದಲ್ಲಿ ಬಿಡುಗಡೆ. ಆದರೆ ಬಿಡುಗಡೆಯಾದವನಿಗೆ ನಿಲ್ಲಲು ಒಂದು ಸೆಂಟ್ಸ್ ಜಾಗ ಯಾರೂ ಕೊಡಲಿಲ್ಲ. ಗುಡಿಸಲು ಧಣಿಯ ಜಾಗದಲ್ಲಿ, ಅಕ್ಕಿ ಧಣಿಯ ಕಣಜದಲ್ಲಿ. ಬಿಟ್ಟು ಹೋಗುವುದಾದರೂ ಎಲ್ಲಿಗೆ? ಮೂಲದವರು ಹಾಗೇ ಸಾಲದವರಾದರು. ಜೀತ ಪದ್ಧತಿಗೆ ಪೂರ್ತಿ ನಿಷೇಧದ ಕಾನೂನು ಬಂದದ್ದು 1976ರಲ್ಲಿ.

ಈ ನಡುವೆ ಎರಡು ಸಂಗತಿ ಮಂಗಳೂರಿನವರು ಮರೆಯಬಾರದು.

ಮೊದಲನೆಯದು ಕುದ್ಮುಲ್ ರಂಗರಾವ್. ಸಾರಸ್ವತ ಬ್ರಾಹ್ಮಣರು, ವಕೀಲರು, ಬ್ರಹ್ಮಸಮಾಜದವರು. 1892ರಲ್ಲಿ ನಮ್ಮ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಜಾತಿಯವರ ಬಹಿಷ್ಕಾರ ಉಂಡರು. ಅವರ ಶಾಲೆಯ ಕಥೆ ಎಲ್ಲರೂ ಹೇಳುತ್ತಾರೆ. ನಾನು ಹೇಳಬೇಕಾದದ್ದು ಇನ್ನೊಂದು: ಅಕ್ಷರ ಮಾತ್ರ ಸಾಲದು, ಕಾಲೂರಲು ನೆಲ ಬೇಕು ಅಂತ ಆ ಕಾಲದಲ್ಲೇ ಅವರಿಗೆ ಗೊತ್ತಿತ್ತು. ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಅವರು ಶಾಲೆಯ ಜೊತೆ ಮನೆಗಳ ಬಗ್ಗೆಯೂ ಯೋಚಿಸಿದರು, ಕಸುಬು ಕಲಿಸಿದರು. ಈಗ ಕೊಡಿಯಾಲಬೈಲು, ಬಿಜೈ ಕಡೆ ಹೊಸ ಫ್ಲಾಟಿನ ಚದರಡಿ ರೇಟ್ ಕೇಳಿ ನೋಡಿ. ಮೇಷ್ಟ್ರ ಸಂಬಳದವನು ಅಲ್ಲಿ ಪಾರ್ಕಿಂಗ್ ಜಾಗ ತಗೊಳ್ಳುವುದೂ ಕಷ್ಟ.

ಎರಡನೆಯದು ಡಿಸಿ ಮನ್ನಾ ಜಮೀನು. ತುಂಬಾ ಜನ ಡಿಸಿ ಅಂದರೆ ಜಿಲ್ಲಾಧಿಕಾರಿ ಅಂತ ತಿಳಿದಿದ್ದಾರೆ. ಅಲ್ಲ. ಡಿಪ್ರೆಸ್ಡ್ ಕ್ಲಾಸ್, ಅಂದರೆ ನಾವು. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬ್ರಿಟಿಷರ ಕಾಲದಲ್ಲಿ ದಲಿತರಿಗೆ ಅಂತ ಕಾದಿರಿಸಿದ ಭೂಮಿ ಇದು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಎಸ್‌ಸಿ-ಎಸ್‌ಟಿ ಕುಂದುಕೊರತೆ ಸಭೆಗೆ ಒಮ್ಮೆ ಬನ್ನಿ. ಯಾವ ಸಭೆಯಲ್ಲೂ ಯಾರಾದರೂ ಒಬ್ಬರು ಎದ್ದು ನಿಂತು ಕೇಳುತ್ತಾರೆ: "ಡಿಸಿ ಮನ್ನಾ ಜಾಗ ಎಲ್ಲುಂಟು ಸ್ವಾಮಿ?" ಸರ್ವೆ ಮಾಡಿಸ್ತೇವೆ ಅನ್ನುವ ಉತ್ತರ ಬರುತ್ತದೆ. ಮುಂದಿನ ಸಭೆಯಲ್ಲಿ ಅದೇ ಪ್ರಶ್ನೆ, ಅದೇ ಉತ್ತರ. ನಮ್ಮ ಹೆಸರಿನಲ್ಲಿ ಬರೆದಿಟ್ಟ ನೆಲ ಎಷ್ಟೋ ಕಡೆ ಬೇರೆಯವರ ಬೇಲಿಯೊಳಗೆ ಇದೆ. ನಾವು ಮಾತ್ರ ಲಕ್ಷ ಲಕ್ಷ ಸಾಲ ಮಾಡಿ ನಾಲ್ಕನೇ ಮಹಡಿಯಲ್ಲಿ ನೆಲ ಹುಡುಕುತ್ತಿದ್ದೇವೆ.

ಇನ್ನು 1974. ಮಾರ್ಚ್ 1ರಂದು ದೇವರಾಜ ಅರಸು ಸರಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿದಾರ ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರೆ ಭೂಮಿ ಅವನದ್ದು. ಕರಾವಳಿಯಲ್ಲಿ ಇದು ಬಹಳ ಯಶಸ್ವಿಯಾಯಿತು ಅಂತ ಎಲ್ಲರೂ ಬರೆಯುತ್ತಾರೆ, ಅದು ಸುಳ್ಳಲ್ಲ. ಎಷ್ಟೋ ಹಿಂದುಳಿದ ಸಮುದಾಯಗಳ ಕುಟುಂಬಗಳು ತಲೆ ಎತ್ತಿದ್ದು ಆಗಲೇ. ಅರಸರ ಬಗ್ಗೆ ನನಗೆ ಗೌರವವೇ ಇದೆ.

ಆದರೆ ನಮ್ಮ ಅಜ್ಜ ನಮೂನೆ 7 ತುಂಬಲಿಲ್ಲ. ಅವರಿಗೆ ತಿಳಿವಳಿಕೆ ಇಲ್ಲದೆ ಅಲ್ಲ. ತುಂಬಲು ಅವರಿಗೆ ಅರ್ಹತೆಯೇ ಇರಲಿಲ್ಲ. ಬಂಟ್ವಾಳ ತಾಲೂಕಿನ ನಮ್ಮ ಊರಿನಲ್ಲಿ ಗದ್ದೆ ಉತ್ತದ್ದು, ಬಿತ್ತಿದ್ದು, ಕೊಯ್ದದ್ದು, ಭತ್ತ ಬಡಿದದ್ದು ಎಲ್ಲ ಅಜ್ಜ-ಅಜ್ಜಿ. ಗೇಣಿ ಚೀಟಿ ಇದ್ದದ್ದು ಇನ್ನೊಬ್ಬರ ಹೆಸರಿನಲ್ಲಿ. ಕಾನೂನಿನ ಕಣ್ಣಿಗೆ "ಉಳುವವನು" ಅಂದರೆ ಚೀಟಿ ಇದ್ದವನು. ಗೇಣಿದಾರರು ಒಡೆಯರಾದರು. ನಮ್ಮವರು ನಿನ್ನೆಯವರೆಗೆ ವರ್ಗದಾರನ ಒಕ್ಕಲಿನ ಆಳಾಗಿದ್ದವರು, ಮರುದಿನ ಹೊಸ ಒಡೆಯನ ಆಳಾದರು. ಕೂಲಿಯಾಳುಗಳು ವಾಸವಿದ್ದ ಗುಡಿಸಲಿನ ಜಾಗ ಅವರದ್ದೇ ಆಗಬೇಕೆಂಬ ಕಲಂ ಕಾನೂನಿನಲ್ಲಿತ್ತು. ಅದರಿಂದ ಅಜ್ಜಿಗೆ ಐದು ಸೆಂಟ್ಸ್ ಸಿಕ್ಕಿತು. ಅಷ್ಟೇ. ಆ ಐದು ಸೆಂಟ್ಸಿನಲ್ಲಿ ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಅವರ ಮಕ್ಕಳು. ಗೋಡೆಗೆ ಗೋಡೆ ತಾಗಿಸಿ ಕಟ್ಟುತ್ತಾ ಕಟ್ಟುತ್ತಾ ಅದಕ್ಕೆ "ಕಾಲನಿ" ಅಂತ ಹೆಸರಾಯಿತು. ನಮ್ಮ ಕರಾವಳಿಯಲ್ಲಿ ಕಾಲನಿ ಅಂದರೆ ಸಾಕು, ಜಾತಿ ಕೇಳುವುದೇ ಬೇಡ.

ಇನ್ನು ಆ "ಕ್ಲೀನ್ ಟೈಟಲ್" ವಿಷಯಕ್ಕೆ ಬರುತ್ತೇನೆ. ಸರಕಾರ ದಲಿತರಿಗೆ ಮಂಜೂರು ಮಾಡಿದ ಭೂಮಿ ಸಾಲಕ್ಕೋ ಹೆಂಡಕ್ಕೋ ಬೆದರಿಕೆಗೋ ಬೇರೆಯವರ ಪಾಲಾಗುತ್ತಿತ್ತು. ಅದನ್ನು ತಡೆಯಲು 1978ರ ಪಿಟಿಸಿಎಲ್ ಕಾಯ್ದೆ ಬಂತು. ಸರಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಅನೂರ್ಜಿತ, ಭೂಮಿ ಮೂಲ ಮಂಜೂರಿದಾರರ ಕುಟುಂಬಕ್ಕೆ ವಾಪಸ್. 1984ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟ್, ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಭೂಮಿ ವಾಪಸ್ ಕೇಳುವವರು ಸಮಂಜಸ ಅವಧಿಯೊಳಗೆ ಬರಬೇಕು ಅಂದಿತು. ತಡವಾಗಿ ಬಂದಿದ್ದೀರಿ ಅಂತ ಎಷ್ಟೋ ಅರ್ಜಿಗಳು ಬಿದ್ದುಹೋದವು. ನಮ್ಮ ಸಂಘಟನೆಗಳು ಬೆಂಗಳೂರಿನಲ್ಲಿ ಬೀದಿಯಲ್ಲಿ ಕೂತು ಹೋರಾಡಿದ ಮೇಲೆ 2023ರಲ್ಲಿ ತಿದ್ದುಪಡಿ ಬಂತು: ಕಾಲಮಿತಿ ಇಲ್ಲ.

ಆದ್ದರಿಂದ ಬ್ಯಾಂಕಿನ ವಕೀಲರು ಇವತ್ತು ಫೈಲಿನಲ್ಲಿ ಮೊದಲು ಹುಡುಕುವುದರಲ್ಲಿ ಇದೂ ಒಂದು: ಈ ನೆಲದಲ್ಲಿ ಎಲ್ಲಾದರೂ ದಲಿತರ ಹೆಸರು ಉಂಟಾ? ನಮ್ಮನ್ನು ಕಾಪಾಡಲು ಬಂದ ಕಾನೂನು ಮಾರುಕಟ್ಟೆಯ ಬಾಯಲ್ಲಿ "ಪ್ರಾಬ್ಲಂ" ಆಗಿದೆ. ಒಬ್ಬ ಗೆಳೆಯ ತಮಾಷೆಗೆ ಅಂದ: "ಅಣ್ಣಾ, ನಮ್ಮ ಹೆಸರು ಇಲ್ಲದ ಜಾಗವನ್ನೇ ನಾವು ತಗೊಳ್ಬೇಕಾ?" ಹೌದು ತಮ್ಮಾ, ತಗೊಳ್ಳಬೇಕಾದ್ದು ಅದನ್ನೇ. ಯಾಕೆಂದರೆ ನಮ್ಮವರ ಹೆಸರು ಇರುವ ಜಾಗ ಬಿಲ್ಡರ್ ಕೈಗೆ ಹೋಗಿದ್ದರೆ ಅದು ಇನ್ನೊಬ್ಬ ದಲಿತನ ಕಣ್ಣೀರಿನ ಜಾಗ ಆಗಿರಬಹುದು. ಅದನ್ನು ನಾವು ಮುಟ್ಟಬಾರದು.

ಇನ್ನು ಸಾಲದ ಕಥೆ. ನಮ್ಮ ಜಿಲ್ಲೆ ಬ್ಯಾಂಕುಗಳ ತೊಟ್ಟಿಲು ಅಂತ ಹೆಮ್ಮೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಮುಂದೆ ಕೆನರಾ ಬ್ಯಾಂಕ್ ಆದ ಸಂಸ್ಥೆ ಶುರು ಮಾಡಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಆದದ್ದು, 1931ರಲ್ಲಿ ವಿಜಯಾ ಬ್ಯಾಂಕ್. ಅವು ಮಾಡಿದ ಕೆಲಸ ದೊಡ್ಡದು. ಆದರೆ ಸಾಲ ಸಿಗಬೇಕಾದರೆ ಅಡವಿಡಲು ಏನಾದರೂ ಬೇಕು, ಜಾಮೀನು ನಿಲ್ಲಲು ಪರಿಚಯದವರು ಬೇಕು. ಭೂಮಿಯೂ ಇಲ್ಲ, ಬ್ಯಾಂಕಿನ ಜಗಲಿ ಹತ್ತುವ ನೆಂಟರೂ ಇಲ್ಲ ಅಂದವರಿಗೆ ಆ ಬಾಗಿಲು ತೆರೆದದ್ದು 1969 ಮತ್ತು 1980ರ ರಾಷ್ಟ್ರೀಕರಣದ ಮೇಲೆ, ಅದೂ ನಿಧಾನವಾಗಿ. ನನಗೆ ಗೃಹಸಾಲ ಸಿಕ್ಕಿದ್ದು ಸಂಬಳ ಚೀಟಿಯ ಮೇಲೆ. ಸಂಬಳ ಚೀಟಿ ಸಿಕ್ಕಿದ್ದು ಬಾಬಾಸಾಹೇಬರು ಬರೆಸಿದ ಸಂವಿಧಾನದ ಮೇಲೆ. ಬೇರೆಯವರಿಗೆ ಅಜ್ಜ ಬಿಟ್ಟುಹೋದ ಭೂಮಿ ಮಾಡಿದ ಕೆಲಸವನ್ನು ನಮಗೆ ಮೀಸಲಾತಿ ಮಾಡಿತು. "ಇನ್ನೂ ಮೀಸಲಾತಿ ಯಾಕೆ" ಅಂದವರಿಗೆ ಇದೇ ಉತ್ತರ.

ನಾನೂ ಈಗ ಸಾಲದವನೇ. ಆದರೆ ದೊಡ್ಡ ವ್ಯತ್ಯಾಸ ಉಂಟು. ಆಗ ಮನುಷ್ಯ ಅಡವಾಗುತ್ತಿದ್ದ, ಈಗ ಗೋಡೆ ಅಡವಾಗಿದೆ. ಕಂತು ತಪ್ಪಿದರೆ ಬ್ಯಾಂಕು ಮನೆ ಹಿಡಿಯಬಹುದು, ನನ್ನ ಮಗಳನ್ನು ಹಿಡಿಯಲಾರದು.

ಕೊನೆಯದಾಗಿ ನೆರೆಹೊರೆಯ ಚರಿತ್ರೆ. ಭಾರತದ ಮೊದಲ ಸಹಕಾರಿ ಗೃಹ ಸೊಸೈಟಿ ಅಂತ ಹೆಸರಾದದ್ದು 1915ರಲ್ಲಿ ಬೊಂಬಾಯಿಯ ಗಾಮದೇವಿಯಲ್ಲಿ ಆದ ಸಾರಸ್ವತ ಸೊಸೈಟಿ. ಕಟ್ಟಿದವರು ನಮ್ಮದೇ ಕೆನರಾ ಕಡೆಯ ಮೂಲದ ಶ್ರೀಪಾದ ಸುಬ್ಬರಾವ್ ತಾಲ್ಮಕಿ. ಮಹಾನಗರದಲ್ಲಿ ಬಾಡಿಗೆಗೆ ಒದ್ದಾಡುತ್ತಿದ್ದ ತಮ್ಮವರಿಗೆ ಮನೆ ಕೊಡಿಸಿದ್ದು ಒಳ್ಳೆಯ ಕೆಲಸವೇ. ಆದರೆ ಫ್ಲಾಟ್ ಅನ್ನುವ ಹೊಸ ಬದುಕಿನ ಜೊತೆಗೇ ಜಾತಿಗೊಂದು ಸೊಸೈಟಿ ಅನ್ನುವ ಅಭ್ಯಾಸವೂ ಹುಟ್ಟಿತು. ಅದೇ ಬೊಂಬಾಯಿಯಲ್ಲಿ ಬಾಬಾಸಾಹೇಬರು ಪರೇಲಿನ ಚಾಳಿನಲ್ಲಿ ವರ್ಷಗಟ್ಟಲೆ ಇದ್ದರು. 1917ರಲ್ಲಿ ಕೊಲಂಬಿಯಾದಲ್ಲಿ ಓದಿ ಬಂದವರಿಗೆ ಬರೋಡಾದಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ, ಪಾರ್ಸಿ ವಸತಿಗೃಹದಿಂದ ಹೊರಹಾಕಿದರು. ಅದನ್ನು ಅವರೇ ಬರೆದಿದ್ದಾರೆ. 1930ರ ದಶಕದಲ್ಲಿ ಅವರು ದಾದರಿನ ಹಿಂದೂ ಕಾಲನಿಯಲ್ಲಿ ಹೊಸ ಮನೆ ಕಟ್ಟಿಸಿದರು: ರಾಜಗೃಹ. ಪುಸ್ತಕಕ್ಕೆ ಜಾಗ ಬೇಕು ಅಂತ ಕಟ್ಟಿದ ಮನೆ ಅದು. ಚಳುವಳಿಯವರು ಮನೆ ಮಾಡಿಕೊಳ್ಳಬಾರದು ಅನ್ನುವವರು ರಾಜಗೃಹದ ಎದುರು ನಿಂತು ಹೇಳಲಿ.

2005ರಲ್ಲಿ ಸುಪ್ರೀಂ ಕೋರ್ಟ್, ಅಹಮದಾಬಾದಿನ ಪಾರ್ಸಿ ಸೊಸೈಟಿಯ ಪ್ರಕರಣದಲ್ಲಿ, ಒಂದು ಸಮುದಾಯದವರಿಗೆ ಮಾತ್ರ ಸದಸ್ಯತ್ವ ಅನ್ನುವ ಬೈಲಾ ಇರಬಹುದು ಅಂದಿತು. ಇವತ್ತು ಬೈಲಾ ಬೇಡ, ಬ್ರೋಕರ್ ಸಾಕು. "ಸರ್, ನೀವು ಊರಲ್ಲಿ ಯಾವ ಪೈಕಿ?" "ವೆಜ್ಜಾ, ನಾನ್‌ವೆಜ್ಜಾ? ಆ ಬಿಲ್ಡಿಂಗ್‌ನವರಿಗೆ ಮೀನಿನ ವಾಸನೆ ಆಗುವುದಿಲ್ಲ." ಮಂಗಳೂರಿನಲ್ಲಿ ಮಾರಾಯ್ರೆ! ಬಂದರಿನ ಗಾಳಿಯಲ್ಲೇ ಬಂಗುಡೆ ಇರುವ ಊರಿನಲ್ಲಿ! ಮೂರು ಕಡೆ ಮನೆ ನೋಡಿ ನಾವು ಬಿಟ್ಟು ಬಂದದ್ದು ಈ ಪ್ರಶ್ನೆಗೆ. ಒಂದು ಕಡೆ ಅಡ್ವಾನ್ಸಿನ ಮಾತು ಮುಗಿದಿತ್ತು. ನನ್ನ ಜಾತಿ ಗೊತ್ತಾದ ಮರುದಿನ ಆ ಫ್ಲಾಟ್ "ಮೊದಲೇ ಬುಕ್" ಆಗಿತ್ತು.

ಈಗ ನನ್ನ ಪಾಲಿಗೆ ಬಂದದ್ದು ಎಷ್ಟು? ನಲ್ವತ್ತು ಸೆಂಟ್ಸ್ ಜಾಗ, ಮೂವತ್ತೆರಡು ಫ್ಲಾಟು. ಕ್ರಯಪತ್ರದಲ್ಲಿ ನನ್ನ ಅವಿಭಜಿತ ಹಕ್ಕು ಒಂದೂಕಾಲು ಸೆಂಟ್ಸ್. ಎಲ್ಲಿ ಅಂತ ಬೆರಳಿಟ್ಟು ತೋರಿಸಲಾಗದ ಒಂದೂಕಾಲು ಸೆಂಟ್ಸ್. ಸಂತೋಷ ಇದೆ, ಮುಚ್ಚಿಡುವುದಿಲ್ಲ. ಆದರೆ ಇದನ್ನು ಭೂಮಿ ಸಿಕ್ಕಿತು ಅಂತ ಯಾರೂ ಲೆಕ್ಕ ಹಾಕಬೇಡಿ. ದುಡ್ಡು ಕೊಟ್ಟು ನಾನೊಬ್ಬ ತಗೊಂಡದ್ದು ಬೇರೆ, ಸಮುದಾಯಕ್ಕೆ ಸಲ್ಲಬೇಕಾದ ಬಾಕಿ ಬೇರೆ. ನನ್ನ ಊರಿನ ಕಾಲನಿ ಇನ್ನೂ ಅದೇ ಐದು ಸೆಂಟ್ಸಿನಲ್ಲಿ ಇದೆ. ಈ ಕಟ್ಟಡದ ಪಾಯ ತೋಡಿದ ಗದಗ, ಕೊಪ್ಪಳ ಕಡೆಯ ಕುಟುಂಬಗಳು ತಗಡಿನ ಶೆಡ್ ಕಿತ್ತುಕೊಂಡು ಮುಂದಿನ ಸೈಟಿಗೆ ಹೋಗಿವೆ. ಊರು ಗುಡಿಸಿದ ಕೊರಗ ಬಂಧುಗಳಿಗೆ ಈ ನಗರದಲ್ಲಿ ಎಷ್ಟು ಫ್ಲಾಟ್ ಉಂಟು?

ಫ್ಲಾಟ್ ತಗೊಳ್ಳುವ ನಮ್ಮವರಿಗೆ ನಾಲ್ಕು ಮಾತು.

ಒಂದು, ಫೈಲನ್ನು ವಕೀಲರಿಗೆ ಬಿಟ್ಟು ಸುಮ್ಮನಿರಬೇಡಿ. ಮೂಲಪತ್ರದಿಂದ ನೀವೇ ಓದಿ. ವರ್ಗವಾ ಮೂಲಗೇಣಿಯಾ ಕೇಳಿ. ರೇರಾ ನೋಂದಣಿ, ವಾಸಯೋಗ್ಯ ಪ್ರಮಾಣಪತ್ರ, ಖಾತೆ ನೋಡದೆ ಪೂರ್ತಿ ದುಡ್ಡು ಕೊಡಬೇಡಿ.

ಎರಡು, ಹೆಂಡತಿಯ ಹೆಸರು ಸೇರಿಸಿ. ನೇಜಿ ನೆಟ್ಟವರು ಹೆಚ್ಚಿನವರು ಹೆಂಗಸರೇ.

ಮೂರು, ಅಸೋಸಿಯೇಷನ್ ಸಭೆಗೆ ಹೋಗಿ, ಬಾಯಿ ಬಿಡಿ. ಕೆಲಸದವರಿಗೆ ಬೇರೆ ಲಿಫ್ಟ್ ಅಂದರೆ ಆಕ್ಷೇಪ ಬರೆಸಿ. ಎಸ್‌ಟಿಪಿ ಗುಂಡಿಗೆ ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಇಳಿಯುವವನು ನಮ್ಮವನೇ ಆಗಿರುತ್ತಾನೆ ಅಂತ ನಿಮಗೆ ಗೊತ್ತು.

ನಾಲ್ಕು, ಗೃಹಪ್ರವೇಶಕ್ಕೆ ಬಾಬಾಸಾಹೇಬರ ಫೋಟೋ ಒಳಕೋಣೆಯಲ್ಲಿ ಬೇಡ, ಹಾಲ್‌ನಲ್ಲೇ ಇರಲಿ.

ಮುಂದಿನ ತಿಂಗಳು ತಾಲೂಕು ಕಚೇರಿಯಲ್ಲಿ ಕುಂದುಕೊರತೆ ಸಭೆ ಉಂಟು. ಡಿಸಿ ಮನ್ನಾ ಜಾಗದ ಸರ್ವೆ ನಂಬರುಗಳ ಪಟ್ಟಿ ಕೊಡಿ ಅಂತ ಲಿಖಿತವಾಗಿ ಕೇಳುವುದು ಅಂತ ತೀರ್ಮಾನ ಮಾಡಿದ್ದೇವೆ. ಸ್ವಂತ ಮನೆ ಇರುವವರೂ ಬನ್ನಿ, ಇಲ್ಲದವರೂ ಬನ್ನಿ. ನಿಮ್ಮ ಊರಿನಲ್ಲಿ ಅಂಥ ಜಾಗ ಇದ್ದರೆ, ಹಿರಿಯರಿಗೆ ಅದರ ನೆನಪಿದ್ದರೆ, ಕಾಮೆಂಟಿನಲ್ಲಿ ಬೇಡ, ನನಗೆ ಮೆಸೇಜ್ ಮಾಡಿ.

ಜೈ ಭೀಮ್.